ನೆಟ್‌ವರ್ಕ್‌ನಲ್ಲಿ ಸೀರಿಯಲ್ ಪೋರ್ಟ್ ಹಂಚಿಕೆ: ಬೈಕಂಪಾಡಿಯಿಂದ ಮಲ್ಪೆಯವರೆಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಲಾರಿ ತೂಗುವ ವೇಬ್ರಿಡ್ಜ್, ಲ್ಯಾಬಿನ ಅನಲೈಸರ್, ಐಸ್ ಪ್ಲಾಂಟಿನ ಯಂತ್ರಗಳನ್ನು ನಿಯಂತ್ರಿಸುವ ಪಿಎಲ್‌ಸಿ, ಬೋಟಿನ ಜಿಪಿಎಸ್. ಇವುಗಳ ಹಿಂಬದಿಯಲ್ಲಿ ಇವತ್ತಿಗೂ ಸೀರಿಯಲ್ ಪೋರ್ಟ್ ಇದೆ, ಒಂದೊಂದೇ ಬಿಟ್ ಸಾಲಾಗಿ ಕಳಿಸುವ ಹಳೆಯ ಬಗೆಯ ಕಿಂಡಿ; ವಿಂಡೋಸ್‌ನಲ್ಲಿ ಇದಕ್ಕೆ ಕಾಮ್ ಪೋರ್ಟ್ ಎಂದು ಹೆಸರು. ಅದನ್ನು ಓದಬೇಕಾದ ಕಂಪ್ಯೂಟರ್ ಮಾತ್ರ ಬೇರೆ ಕೋಣೆಯಲ್ಲಿ, ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಿಕೊಂಡು ಕೂತಿರುತ್ತದೆ. ಮಂಗಳೂರು, ಉಡುಪಿ ಕಡೆಯ ಗೇರುಬೀಜ ಕಾರ್ಖಾನೆ, ಅಡಿಕೆ ಗೋದಾಮು, ಲ್ಯಾಬ್, ಕಾಲೇಜುಗಳಲ್ಲಿ ಈ ಕೆಲಸಕ್ಕೆ ಕೈ ಹಾಕಿದವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಪ್ರಿಂಟರ್ ಶೇರ್ ಮಾಡಿದ ಹಾಗೆ ಕಾಮ್ ಪೋರ್ಟ್ ಶೇರ್ ಮಾಡಲು ವಿಂಡೋಸ್‌ನಲ್ಲಿ ಏನೂ ಇಲ್ಲವೇ?

ಇಲ್ಲ. ಫೋಲ್ಡರ್‌ಗೆ, ಪ್ರಿಂಟರ್‌ಗೆ ಇರುವ ಶೇರಿಂಗ್ ಸೌಲಭ್ಯ ಕಾಮ್ ಪೋರ್ಟ್‌ಗೆ ಇಲ್ಲ. ಆದರೆ ಒಂದು ದಾರಿ ಅನೇಕರ ಕಣ್ಣಿಗೆ ಬೀಳುವುದಿಲ್ಲ: ರಿಮೋಟ್ ಡೆಸ್ಕ್‌ಟಾಪ್. ಕನೆಕ್ಟ್ ಆಗುವ ಮೊದಲು ಲೋಕಲ್ ರಿಸೋರ್ಸಸ್ ಎಂಬಲ್ಲಿ ಪೋರ್ಟ್ಸ್ ಎಂದು ಟಿಕ್ ಮಾಡಿದರೆ, ನಿಮ್ಮೆದುರಿನ ಕಂಪ್ಯೂಟರಿನ ಕಾಮ್ ಪೋರ್ಟ್ ಆಚೆಯ ಸರ್ವರಿನ ಸೆಷನ್‌ನಲ್ಲಿ ಕಾಣಿಸುತ್ತದೆ. ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವರಿನಲ್ಲಿ, ತೂಕದ ಯಂತ್ರ ಕೌಂಟರಿನಲ್ಲಿ ಇದ್ದರೆ ಇಷ್ಟೇ ಸಾಕು, ಮುಂದೆ ಓದುವ ಅಗತ್ಯವೂ ಇಲ್ಲ. ದಿಕ್ಕು ನೆನಪಿರಲಿ: ಪೋರ್ಟ್ ಇರಬೇಕಾದದ್ದು ನೀವು ಕೂತ ಕಡೆ.

ಹಂಚುವುದು ಎಂದರೆ ನಿಜವಾಗಿ ಏನು ನಡೆಯುತ್ತದೆ?

ಮೂರು ಬಗೆ ಇದೆ. ಯಾವುದು ಬೇಕೆಂದು ಮೊದಲೇ ನಿರ್ಧರಿಸದೆ ಸಾಫ್ಟ್‌ವೇರ್ ಇಳಿಸಿಕೊಂಡರೆ ಇಡೀ ದಿನ ಹಾಳು.

ಮೊದಲನೆಯದು ಬರೀ ಬೈಟುಗಳನ್ನು ಸಾಗಿಸುವುದು, ರಾ ಟಿಸಿಪಿ. ಯಂತ್ರದ ಪಕ್ಕದ ಕಂಪ್ಯೂಟರ್ ಸೀರಿಯಲ್ ಪೋರ್ಟ್ ತೆರೆದು, ಬಂದದ್ದನ್ನೆಲ್ಲ ಒಂದು ಟಿಸಿಪಿ ಪೋರ್ಟಿಗೆ (ಇದು ನೆಟ್‌ವರ್ಕ್‌ನ ಸಂಖ್ಯೆ ಹಾಕಿದ ಬಾಗಿಲು, ಸೀರಿಯಲ್ ಪೋರ್ಟ್ ಅಲ್ಲ) ಸುರಿಯುತ್ತದೆ, ಅಲ್ಲಿಂದ ಬಂದದ್ದನ್ನು ತಂತಿಗೆ ಬಿಡುತ್ತದೆ. ಬಾಡ್ ರೇಟ್ (ಬಿಟ್‌ಗಳ ವೇಗ), ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಎಲ್ಲ ಯಂತ್ರದ ಕಡೆಯೇ ನಿಗದಿಯಾಗಿರುತ್ತದೆ. ದೂರದಿಂದ ಬದಲಿಸಲು ಆಗುವುದಿಲ್ಲ.

ಎರಡನೆಯದು ಆರ್‌ಎಫ್‌ಸಿ 2217. 1997ರ ಅಕ್ಟೋಬರ್‌ನಲ್ಲಿ ಬಂದ ಈ ಕ್ರಮ ಟೆಲ್ನೆಟ್‌ಗೆ ಸೇರಿಸಿದ ಒಂದು ಉಪಾಂಗ. ಬೈಟುಗಳ ಜೊತೆಗೆ ‘ಬಾಡ್ ರೇಟ್ 19200 ಮಾಡು’, ‘ಡಿಟಿಆರ್ ಇಳಿಸು’, ‘ಬ್ರೇಕ್ ಕಳಿಸು’ ಎಂಬ ಸೂಚನೆಗಳೂ ಹೋಗುತ್ತವೆ (ಡಿಟಿಆರ್, ಆರ್‌ಟಿಎಸ್ ಎಂದರೆ ಡೇಟಾ ಅಲ್ಲದೆ ಬರೀ ಸಂಕೇತ ಕೊಡುವ ತಂತಿಗಳು). ದೂರದ ಸಾಫ್ಟ್‌ವೇರ್ ಪೋರ್ಟಿನ ಸೆಟ್ಟಿಂಗ್ ಬದಲಿಸುತ್ತಲೇ ಇದ್ದರೆ ಇದೇ ಬೇಕು.

ಮೂರನೆಯದು ಯುಎಸ್‌ಬಿ/ಐಪಿ. ಇಲ್ಲಿ ಸೀರಿಯಲ್ ತಂತಿಯನ್ನು ಕಂಪ್ಯೂಟರಿಗೆ ಜೋಡಿಸುವ ಯುಎಸ್‌ಬಿ ಡಾಂಗಲ್ಲೇ ಇಡಿಯಾಗಿ ನೆಟ್‌ವರ್ಕ್ ದಾಟುತ್ತದೆ, ಡ್ರೈವರ್ ಓಡುವುದು ಆಚೆಯ ಕಂಪ್ಯೂಟರಿನಲ್ಲಿ. ಲಿನಕ್ಸ್ ಕರ್ನಲ್‌ನಲ್ಲಿ 3.17ನೇ ಆವೃತ್ತಿಯಿಂದ ಮುಖ್ಯ ಭಾಗವಾಗಿಯೇ ಇದೆ, ಟಿಸಿಪಿ ಪೋರ್ಟ್ 3240 ಬಳಸುತ್ತದೆ. ಒಂದೇ ಲ್ಯಾನ್ ಒಳಗೆ ಚೆನ್ನಾಗಿ ನಡೆಯುತ್ತದೆ. ಊರು ದಾಟಿಸಿದರೆ ಉಸಿರು ಕಟ್ಟುತ್ತದೆ, ಪ್ರತಿ ಸಣ್ಣ ವ್ಯವಹಾರಕ್ಕೂ ಉತ್ತರ ಹೋಗಿ ಬರಬೇಕಲ್ಲ.

ಇವುಗಳಲ್ಲಿ ನಿಮ್ಮ ಸಲಹೆ ಯಾವುದು?

ರಾ ಟಿಸಿಪಿಯಲ್ಲಿ ಆಗುವ ಕೆಲಸವಾದರೆ ರಾ ಟಿಸಿಪಿ. ಯಂತ್ರದ ಹತ್ತಿರ ಒಂದು ಸಣ್ಣ ಲಿನಕ್ಸ್ ಪೆಟ್ಟಿಗೆ, ಗೇಣುದ್ದದ ಸೀರಿಯಲ್ ಕೇಬಲ್, ಅಲ್ಲಿಂದಾಚೆಗೆ ಮಾಮೂಲಿ ನೆಟ್‌ವರ್ಕ್. ಬಹಳ ಜನ ‘ನನಗೆ ಕಾಮ್ 3 ಬೇಕು’ ಎಂದೇ ಶುರು ಮಾಡುತ್ತಾರೆ. ನಿಜವಾಗಿ ಬೇಕಾಗಿರುವುದು ತೂಕದ ಅಂಕಿ. ಸಾಫ್ಟ್‌ವೇರ್ ಬರೆದವರು ಕೈಗೆ ಸಿಗುವಂತಿದ್ದರೆ ‘ಟಿಸಿಪಿ ಸಾಕೆಟ್‌ನಿಂದ ಓದುವ ಆಯ್ಕೆ ಹಾಕಿಕೊಡಿ’ ಎಂದು ಕೇಳಿ. ಅರ್ಧ ದಿನದ ಕೆಲಸ ಅದು. ಪೈತಾನ್‌ನಲ್ಲಿ ಬರೆದದ್ದಾದರೆ ಇನ್ನೂ ಸುಲಭ: ಪೈಸೀರಿಯಲ್ ಲೈಬ್ರರಿಯಲ್ಲಿ ಪೋರ್ಟಿನ ಹೆಸರಿನ ಜಾಗಕ್ಕೆ ಸಾಕೆಟ್ ಅಥವಾ ಆರ್‌ಎಫ್‌ಸಿ 2217 ವಿಳಾಸ ಕೊಡಬಹುದು, ಪೋರ್ಟ್ ತೆರೆಯುವ ಒಂದು ಸಾಲು ಬದಲಿಸಿದರೆ ಉಳಿದದ್ದು ಹಾಗೆಯೇ ಇರುತ್ತದೆ. ಆಪರೇಟಿಂಗ್ ಸಿಸ್ಟಮ್ ಯಾವುದಾದರೂ ಒಂದೇ.

ವರ್ಚುವಲ್ ಕಾಮ್ ಪೋರ್ಟ್, ಅಂದರೆ ಸಾಫ್ಟ್‌ವೇರ್ ಹುಟ್ಟಿಸಿದ ಸುಳ್ಳು ಪೋರ್ಟ್, ಕೊನೆಯ ಉಪಾಯ. ಸಾಫ್ಟ್‌ವೇರ್ ಹಳೆಯದು, ಬರೆದವರ ಪತ್ತೆ ಇಲ್ಲ ಎಂದಾಗ ಮಾತ್ರ.

ಇನ್ನು ಕೆಲವಕ್ಕೆ ಪೋರ್ಟ್ ಹಂಚುವುದೇ ದಂಡ. ಯುಪಿಎಸ್ ಆದರೆ ನಟ್ ಎಂಬ ತಂತ್ರಾಂಶ 3493ನೇ ಪೋರ್ಟಿನಲ್ಲಿ ಬ್ಯಾಟರಿ ಸ್ಥಿತಿಯನ್ನು ಎಲ್ಲರಿಗೂ ಕೊಡುತ್ತದೆ. ಜಿಪಿಎಸ್ ಆದರೆ ಜಿಪಿಎಸ್‌ಡಿ 2947ರಲ್ಲಿ ಕೊಡುತ್ತದೆ. ಅವು ಇರುವಾಗ ತಂತಿ ಮಟ್ಟಕ್ಕೆ ಇಳಿಯಬೇಡಿ.

ಉದ್ದದ ಕೇಬಲ್ ಎಳೆದರೆ ಸಾಲದೇ?

ಮಾಮೂಲಿ ಸೀರಿಯಲ್ ಪೋರ್ಟಿನ ಆರ್‌ಎಸ್-232 ಕ್ರಮಕ್ಕೆ ರೂಢಿಯ ಮಿತಿ 15 ಮೀಟರ್. ಕಡಿಮೆ ಬಾಡ್ ರೇಟಿನಲ್ಲಿ, ಒಳ್ಳೆಯ ಕೇಬಲ್ಲಿನಲ್ಲಿ ಇನ್ನಷ್ಟು ದೂರ ಹೋಗುವುದುಂಟು. ಆದರೆ ಗೇಟಿನ ವೇಬ್ರಿಡ್ಜಿನಿಂದ ಆಫೀಸಿನವರೆಗೆ ಅಂಗಳ ದಾಟಿಸಿ ಎಳೆದ ಕೇಬಲ್ ಎಂದರೆ ಸಿಡಿಲಿಗೆ ಹಾಸಿದ ಹಾದಿ. ದೂರಕ್ಕೆಂದೇ ಇರುವ ಆರ್‌ಎಸ್-485 ಆದರೆ 1200 ಮೀಟರ್ ತನಕ ಹೋಗುತ್ತದೆ, ಅದು ಬೇರೆ ಲೆಕ್ಕ.

ಲಿನಕ್ಸ್ ಕಡೆ ಏನು ಹಾಕಬೇಕು?

ಸರ್‌2ನೆಟ್, ಸೀರಿಯಲ್ ಪೋರ್ಟನ್ನು ಟಿಸಿಪಿಗೆ ಜೋಡಿಸುವ ಪ್ರೋಗ್ರಾಮ್. ಡೆಬಿಯನ್, ಉಬುಂಟು, ರಾಸ್‌ಬೆರಿ ಪೈ ಎಲ್ಲದರ ಭಂಡಾರದಲ್ಲೂ ಇದೆ. 4ನೇ ಆವೃತ್ತಿಯಿಂದ ಇದರ ಸೆಟ್ಟಿಂಗ್ ಫೈಲ್ ಯಾಮಲ್ ಶೈಲಿಗೆ ಬದಲಾಗಿದೆ. ಹಳೆಯ ಲೇಖನಗಳಲ್ಲಿ ಕಾಣುವ, ಕೋಲನ್ ಹಾಕಿ ಬರೆದ ಒಂದು ಸಾಲಿನ ಸೆಟ್ಟಿಂಗ್ ಅಂಟಿಸಿದರೆ ಅದು ಓದುವುದಿಲ್ಲ. ಪ್ರತಿ ಕನೆಕ್ಷನ್‌ಗೆ ಎರಡು ಮುಖ್ಯ ಭಾಗ: ಯಾವ ಟಿಸಿಪಿ ಪೋರ್ಟಿನಲ್ಲಿ ಕಾಯಬೇಕು ಎಂಬ ‘ಅಕ್ಸೆಪ್ಟರ್’, ಯಾವ ಸೀರಿಯಲ್ ಸಾಧನ ತೆರೆಯಬೇಕು ಎಂಬ ‘ಕನೆಕ್ಟರ್’. ಕನೆಕ್ಟರ್ ಸಾಲಿನಲ್ಲೇ ಬಾಡ್ ರೇಟ್, ಪ್ಯಾರಿಟಿ ಬರುತ್ತದೆ, ಕೊನೆಗೆ ‘ಲೋಕಲ್’ ಎಂದು ಸೇರಿಸಿ. ಮೂರೇ ತಂತಿಯ ಕೇಬಲ್ಲಿನಲ್ಲಿ ಕ್ಯಾರಿಯರ್ ಸಿಗ್ನಲ್ (ಆಚೆ ತುದಿ ಸಿದ್ಧ ಎಂಬ ಸಂಕೇತ) ಬರುವುದಿಲ್ಲ, ಲೋಕಲ್ ಎನ್ನದಿದ್ದರೆ ಅದಕ್ಕೇ ಕಾಯುತ್ತ ಕೂರಬಹುದು. ಅಕ್ಸೆಪ್ಟರಿನಲ್ಲಿ ಬರೀ ಟಿಸಿಪಿ ಎಂದರೆ ರಾ. ಟೆಲ್ನೆಟ್ ಎಂದು ಬರೆದು ಆವರಣದಲ್ಲಿ ಆರ್‌ಎಫ್‌ಸಿ 2217 ಎಂದು ಸೇರಿಸಿದರೆ ಎರಡನೆಯ ಬಗೆ.

ಪೋರ್ಟ್ ತೆರೆಯಲು ಅನುಮತಿ ಇಲ್ಲ ಎಂದು ಬಂದರೆ, ಡೆಬಿಯನ್, ಉಬುಂಟುಗಳಲ್ಲಿ ಆ ಯೂಸರನ್ನು ಡಯಲ್‌ಔಟ್ ಗುಂಪಿಗೆ ಸೇರಿಸಿ ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ಸಿಹೆಚ್340 ಚಿಪ್ಪಿನ ಡಾಂಗಲ್ ಚುಚ್ಚಿದ ಕ್ಷಣ ಬಂದು ಮಾಯವಾದರೆ, ಅದೂ ಉಬುಂಟು 22.04 ಆದರೆ, ಅಂಧರ ಬ್ರೈಲ್ ಸಾಧನಕ್ಕಾಗಿ ಇರುವ ಬಿಆರ್‌ಎಲ್‌ಟಿಟಿವೈ ಅದನ್ನು ತನ್ನದೆಂದು ಹಿಡಿದುಕೊಂಡಿರುತ್ತದೆ. ಬ್ರೈಲ್ ಡಿಸ್‌ಪ್ಲೇ ಬಳಸುವವರು ಅಲ್ಲಿಲ್ಲದಿದ್ದರೆ ಆ ಪ್ಯಾಕೇಜ್ ತೆಗೆದುಹಾಕಿ.

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರ್ ಕಾಮ್ ಪೋರ್ಟ್ ಬಿಟ್ಟು ಬೇರೇನೂ ಕೇಳುವುದಿಲ್ಲ. ವಿಂಡೋಸ್‌ನಲ್ಲಿ ಸುಳ್ಳು ಪೋರ್ಟ್ ಹುಟ್ಟಿಸುವುದು ಹೇಗೆ?

ಉಚಿತವಾಗಿ ಸಿಗುವುದರಲ್ಲಿ ಎರಡು ಹೆಸರು ಹೆಚ್ಚು ಬಳಕೆಯಲ್ಲಿವೆ. ಎಚ್‌ಡಬ್ಲ್ಯು ವಿಎಸ್‌ಪಿ3 ಒಂದು ಪೋರ್ಟಿಗೆ ಉಚಿತ. ಐಪಿ ವಿಳಾಸ, ಟಿಸಿಪಿ ಪೋರ್ಟ್, ಬೇಕಾದ ಕಾಮ್ ಸಂಖ್ಯೆ ಕೊಟ್ಟರೆ ಮುಗಿಯಿತು. ಇನ್ನೊಂದು ಕಾಮ್‌0ಕಾಮ್. ಇದು ಎರಡು ಸುಳ್ಳು ಪೋರ್ಟುಗಳನ್ನು ಜೋಡಿಯಾಗಿ ಸೃಷ್ಟಿಸುತ್ತದೆ: ಒಂದು ತುದಿಯನ್ನು ಬಿಲ್ಲಿಂಗ್ ಸಾಫ್ಟ್‌ವೇರ್ ತೆರೆಯುತ್ತದೆ, ಇನ್ನೊಂದನ್ನು ಹಬ್‌4ಕಾಮ್ ಹಿಡಿದು ನೆಟ್‌ವರ್ಕಿಗೆ ಜೋಡಿಸುತ್ತದೆ. ಕಾಮ್‌0ಕಾಮ್‌ನ ತೊಂದರೆ ಅಂದರೆ ಡ್ರೈವರ್ ಸಹಿ. ಸೆಕ್ಯೂರ್ ಬೂಟ್ ಆನ್ ಇರುವ ವಿಂಡೋಸ್ 10, 11ರಲ್ಲಿ ಕೆಲವು ಆವೃತ್ತಿಗಳನ್ನು ವಿಂಡೋಸ್ ಒಳಗೇ ಬಿಟ್ಟುಕೊಳ್ಳುವುದಿಲ್ಲ. ಅದಕ್ಕಾಗಿ ಸೆಕ್ಯೂರ್ ಬೂಟ್ ಆಫ್ ಮಾಡಿಕೊಡುವವರಿದ್ದಾರೆ. ಆಫೀಸಿನ ಲೆಕ್ಕಪತ್ರ ಇರುವ ಕಂಪ್ಯೂಟರಿನಲ್ಲಿ ಅದನ್ನು ಒಪ್ಪಬೇಡಿ.

ಸಂಖ್ಯೆ ಚಿಕ್ಕದಿರಲಿ. ಹಳೆಯ ಸಾಫ್ಟ್‌ವೇರ್‌ಗಳ ಪಟ್ಟಿಯಲ್ಲಿ ಕಾಮ್ 9ರಿಂದಾಚೆ ಬರುವುದೇ ಇಲ್ಲ. ಕಾಮ್ 10 ಮತ್ತು ಅದರ ಮೇಲಿನವನ್ನು ತೆರೆಯಲು ವಿಂಡೋಸ್‌ನಲ್ಲಿ ಬೇರೆ ರೀತಿಯ ಹೆಸರು ಬಳಸಬೇಕು, ಅದು ಆ ಕಾಲದ ಪ್ರೋಗ್ರಾಮರಿಗೆ ಗೊತ್ತಿರಲಿಲ್ಲ.

ಯಂತ್ರ ವಿಂಡೋಸ್ ಕಂಪ್ಯೂಟರಿಗೆ ಕಟ್ಟಿದೆ, ಓದಬೇಕಾದದ್ದು ಲಿನಕ್ಸ್ ಅಥವಾ ಮ್ಯಾಕ್‌ನಿಂದ. ಆಗ?

ವಿಂಡೋಸ್‌ನಲ್ಲಿ ಹಬ್‌4ಕಾಮ್ ಜೊತೆಗೇ ಬರುವ ಕಾಮ್‌2ಟಿಸಿಪಿ ಓಡಿಸಿ. ನಿಜವಾದ ಪೋರ್ಟೇ ಇರುವುದರಿಂದ ಇಲ್ಲಿ ಸುಳ್ಳು ಪೋರ್ಟಿನ ಡ್ರೈವರ್ ಬೇಡ. ವಿಂಡೋಸ್ ಫೈರ್‌ವಾಲ್‌ನಲ್ಲಿ ಆ ಟಿಸಿಪಿ ಪೋರ್ಟ್ ತೆರೆಯಲು ಮರೆಯಬೇಡಿ. ಲಿನಕ್ಸ್, ಮ್ಯಾಕ್ ಕಡೆ ಸೋಕ್ಯಾಟ್ ಸಾಕು: ಅದು ಒಂದು ತುದಿಯಲ್ಲಿ ಟಿಸಿಪಿಗೆ ಜೋಡಿಸಿಕೊಂಡು ಇನ್ನೊಂದು ತುದಿಯಲ್ಲಿ ನೀವು ಹೇಳಿದ ಹೆಸರಿನ ಸುಳ್ಳು ಟರ್ಮಿನಲ್ ಸೃಷ್ಟಿಸುತ್ತದೆ. ‘ರಾ’ ಮತ್ತು ‘ಎಕೋ 0’ ಎಂಬ ಎರಡು ಆಯ್ಕೆ ಹಾಕಲೇಬೇಕು, ಇಲ್ಲದಿದ್ದರೆ ಯಂತ್ರ ಕಳಿಸಿದ್ದೇ ಯಂತ್ರಕ್ಕೆ ಮರಳಿ ಹೋಗುತ್ತದೆ. ಈ ಸುಳ್ಳು ಟರ್ಮಿನಲ್‌ನಲ್ಲಿ ಡಿಟಿಆರ್, ಆರ್‌ಟಿಎಸ್ ತಂತಿಗಳಿಲ್ಲ, ಬಾಡ್ ರೇಟ್ ಬದಲಿಸಿದರೂ ಆಚೆಗೆ ಗೊತ್ತಾಗುವುದಿಲ್ಲ.

ಮ್ಯಾಕ್‌ನಲ್ಲಿ ಒಂದೇ ಡಾಂಗಲ್‌ಗೆ ಎರಡು ಹೆಸರು ಕಾಣುತ್ತದೆ, ಟಿಟಿವೈ ಎಂದೊಂದು, ಸಿಯು ಎಂದೊಂದು. ಸಿಯು ಬಳಸಿ. ಇನ್ನೊಂದು ಕ್ಯಾರಿಯರ್ ಸಿಗ್ನಲ್‌ಗೆ ಕಾಯುತ್ತದೆ.

ಒಂದೇ ಯಂತ್ರವನ್ನು ಎರಡು ಕಂಪ್ಯೂಟರ್ ಒಟ್ಟಿಗೆ ಓದಬಹುದೇ?

ಯಂತ್ರದ ಸ್ವಭಾವ ನೋಡಬೇಕು. ವೇಬ್ರಿಡ್ಜ್ ಇಂಡಿಕೇಟರ್ ಕೇಳಿದರೂ ಕೇಳದಿದ್ದರೂ ಸೆಕೆಂಡಿಗೆ ಹಲವು ಬಾರಿ ತೂಕ ಹೇಳುತ್ತಲೇ ಇರುವ ಮೋಡ್‌ನಲ್ಲಿದ್ದರೆ ಎಷ್ಟು ಜನ ಬೇಕಾದರೂ ಕೇಳಬಹುದು. ಸರ್‌2ನೆಟ್‌ನಲ್ಲಿ ಗರಿಷ್ಠ ಕನೆಕ್ಷನ್ ಸಂಖ್ಯೆ ಏರಿಸಿ, ಎಲ್ಲರಿಗೂ ಅದೇ ಬೈಟು ಹೋಗುತ್ತದೆ. ಬರೆಯುವ ಹಕ್ಕು ಮಾತ್ರ ಯಾರಿಗೂ ಬೇಡ.

ಪ್ರಶ್ನೆ ಕೇಳಿ ಉತ್ತರ ಪಡೆಯುವ ಯಂತ್ರಗಳಾದರೆ ಒಂದೇ ಒರೆಯಲ್ಲಿ ಎರಡು ಕತ್ತಿ ಹಿಡಿಸುವುದಿಲ್ಲ. ಲ್ಯಾಬಿನ ಅನಲೈಸರ್ ಉದಾಹರಣೆಗೆ ಸಾಕು. ಎಎಸ್‌ಟಿಎಂ ಪ್ರೋಟೋಕಾಲ್‌ನಲ್ಲಿ ಯಂತ್ರ ‘ಕಳಿಸಲೇ?’ ಎಂದು ಇಎನ್‌ಕ್ಯೂ ಬೈಟು ಹಾಕುತ್ತದೆ, ಕಂಪ್ಯೂಟರ್ ‘ಹೂಂ’ ಎಂದು ಎಸಿಕೆ ಕೊಡಬೇಕು, ಆಮೇಲೆ ಪ್ರತಿ ಫ್ರೇಮಿಗೂ ಒಂದೊಂದು ಎಸಿಕೆ. ಎರಡು ಕಂಪ್ಯೂಟರ್ ಹೂಂಗುಟ್ಟಿದರೆ ಒಂದು ಫ್ರೇಮಿಗೆ ಎರಡು ಎಸಿಕೆ ಬಂದು ಲೆಕ್ಕ ತಪ್ಪುತ್ತದೆ. ರೋಗಿಯ ರಿಪೋರ್ಟಿನ ವಿಚಾರದಲ್ಲಿ ಆ ಆಟ ಬೇಡ. ಒಂದು ಕಂಪ್ಯೂಟರ್ ಓದಿ ಡೇಟಾಬೇಸಿಗೆ ಹಾಕಲಿ, ಉಳಿದವರು ಅಲ್ಲಿಂದ ನೋಡಲಿ.

ಕರೆಂಟ್ ಹೋಗಿ ಬಂದ ಮೇಲೆ ‘ಪೋರ್ಟ್ ಬಳಕೆಯಲ್ಲಿದೆ’ ಎನ್ನುತ್ತದೆ. ಯಾರೂ ಬಳಸುತ್ತಿಲ್ಲವಲ್ಲ?

ಮಳೆಗಾಲದಲ್ಲಿ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಆಫೀಸಿನ ಕಂಪ್ಯೂಟರಿಗೆ ಯುಪಿಎಸ್ ಇಲ್ಲ, ಕರೆಂಟ್ ಹೋದ ಕೂಡಲೇ ಸತ್ತಿತು. ಯಂತ್ರದ ಪಕ್ಕದ ಲಿನಕ್ಸ್ ಪೆಟ್ಟಿಗೆ ಇನ್ವರ್ಟರಿನಲ್ಲಿ ಬದುಕಿದೆ. ಆಫೀಸ್ ಕಂಪ್ಯೂಟರ್ ವಿದಾಯ ಹೇಳದೆಯೇ ಹೋಗಿದ್ದರಿಂದ ಪೆಟ್ಟಿಗೆಯ ಮಟ್ಟಿಗೆ ಆ ಕನೆಕ್ಷನ್ ಇನ್ನೂ ಜೀವಂತ. ಈಗ ಅದೇ ಕಂಪ್ಯೂಟರ್ ಹೊಸದಾಗಿ ಬಂದು ಬಾಗಿಲು ತಟ್ಟಿದರೆ ‘ಒಳಗೆ ಆಗಲೇ ಒಬ್ಬರಿದ್ದಾರೆ’ ಎಂಬ ಉತ್ತರ.

ಟಿಸಿಪಿಗೆ ಇದನ್ನು ತಾನಾಗಿ ಪತ್ತೆ ಹಚ್ಚುವ ಕೀಪ್‌ಅಲೈವ್ ಎಂಬ ಉಪಾಯ ಇದೆ. ಆದರೆ ಪ್ರೋಗ್ರಾಮ್ ಅದನ್ನು ಕೇಳಿ ಹಾಕಿಸಿಕೊಳ್ಳಬೇಕು, ಹಾಕಿಸಿಕೊಂಡರೂ ಲಿನಕ್ಸ್‌ನಲ್ಲಿ ಮೊದಲ ವಿಚಾರಣೆ ಹೋಗುವುದು 7200 ಸೆಕೆಂಡ್ ಕಳೆದ ಮೇಲೆ, ಅಂದರೆ ಎರಡು ಗಂಟೆ. ಅಷ್ಟರಲ್ಲಿ ಗೇಟಿನಲ್ಲಿ ಲಾರಿಗಳ ಸಾಲು ಹೆದ್ದಾರಿಗೆ ಬಂದಿರುತ್ತದೆ. ಸರ್‌2ನೆಟ್‌ನಲ್ಲಿ ‘ಕಿಕ್‌ಓಲ್ಡ್‌ಯೂಸರ್’ ಎಂಬ ಆಯ್ಕೆ ಆನ್ ಮಾಡಿ: ಹೊಸಬ ಬಂದರೆ ಹಳಬನನ್ನು ಹೊರಹಾಕುತ್ತದೆ. ಒಬ್ಬನೇ ಓದುಗ ಇರುವಲ್ಲಿ ಇದಕ್ಕಿಂತ ಸರಳ ಪರಿಹಾರ ಇಲ್ಲ. ಹಲವರು ಓದುವಲ್ಲಿ ಕೀಪ್‌ಅಲೈವ್ ಅವಧಿಯನ್ನು ಒಂದು ನಿಮಿಷದ ಆಸುಪಾಸಿಗೆ ಇಳಿಸಿ. ಮಾರುಕಟ್ಟೆಯ ಸಿದ್ಧ ಕನ್ವರ್ಟರ್‌ಗಳಲ್ಲೂ ಇದೇ ಅರ್ಥದ ಸೆಟ್ಟಿಂಗ್ ವೆಬ್ ಪುಟದಲ್ಲಿ ಸಿಗುತ್ತದೆ, ಹುಡುಕಿ ನೋಡಿ.

ಕನೆಕ್ಟ್ ಆಗುತ್ತದೆ, ಆದರೆ ಕಸ ಕಸ ಅಕ್ಷರ ಬರುತ್ತದೆ.

ಬಾಡ್ ರೇಟ್ ಅಥವಾ ಪ್ಯಾರಿಟಿ ತಪ್ಪಿದೆ. ಎಲ್ಲರೂ 9600, 8 ಬಿಟ್, ಪ್ಯಾರಿಟಿ ಇಲ್ಲ ಎಂದೇ ಶುರು ಮಾಡುತ್ತಾರೆ. ತೂಕದ ಯಂತ್ರಗಳಲ್ಲಿ 2400, 7 ಬಿಟ್, ಈವನ್ ಪ್ಯಾರಿಟಿ ಕೂಡ ಇರುತ್ತದೆ. ಬೋಟಿನ ಜಿಪಿಎಸ್ ಎನ್‌ಎಂಇಎ 0183 ಆದರೆ ಸಾಮಾನ್ಯವಾಗಿ 4800, ಹಡಗುಗಳ ಗುರುತು ತಿಳಿಸುವ ಎಐಎಸ್ ಆದರೆ 38400. ಅಂಕಿಗಳು ಕೆಲವು ಸರಿ, ಕೆಲವು ವಿಚಿತ್ರ ಚಿಹ್ನೆಗಳಾಗಿ ಬಂದರೆ ಅದು ಹೆಚ್ಚಾಗಿ 7 ಬಿಟ್‌ನ ಗುರುತು: ಎಂಟನೆಯ ಬಿಟ್ಟಿನ ಜಾಗದಲ್ಲಿ ಪ್ಯಾರಿಟಿ ಬಂದು ಕೂತಿದೆ.

ನೆಟ್‌ವರ್ಕನ್ನು ದೂರುವ ಮೊದಲು ಯಂತ್ರದ ಪಕ್ಕದಲ್ಲೇ ಪುಟ್ಟಿ ಎಂಬ ಟರ್ಮಿನಲ್ ಪ್ರೋಗ್ರಾಮ್ ಹಾಕಿ ನೇರ ಓದಿ ನೋಡಿ. ಅಲ್ಲಿ ಸರಿ ಬಂದರೆ ದೂರದ ಕಂಪ್ಯೂಟರಿನಿಂದ ಪುಟ್ಟಿಯ ರಾ ಮೋಡ್‌ನಲ್ಲಿ ಅದೇ ಟಿಸಿಪಿ ಪೋರ್ಟಿಗೆ ಹೋಗಿ. ವರ್ಚುವಲ್ ಕಾಮ್, ಬಿಲ್ಲಿಂಗ್ ಸಾಫ್ಟ್‌ವೇರ್ ಎಲ್ಲ ಆಮೇಲೆ.

ದಿನವಿಡೀ ಸರಿ ಇರುತ್ತದೆ, ಆಗೊಮ್ಮೆ ಈಗೊಮ್ಮೆ ಮಾತ್ರ ಚೆಕ್‌ಸಮ್ ತಪ್ಪು ಬರುತ್ತದೆ. ಏಕೆ?

ಒಂದು ತುದಿ ಟೆಲ್ನೆಟ್, ಇನ್ನೊಂದು ತುದಿ ರಾ ಆಗಿದೆಯೇ ನೋಡಿ. ಟೆಲ್ನೆಟ್‌ನಲ್ಲಿ 255 ಎಂಬ ಬೈಟು ಆಜ್ಞೆಯ ಆರಂಭ ಸೂಚಿಸುತ್ತದೆ. ಹಾಗಾಗಿ ಡೇಟಾದಲ್ಲಿ 255 ಬಂದರೆ ಅದನ್ನು ಎರಡು ಸಲ ಕಳಿಸುತ್ತಾರೆ. ಆಚೆ ತುದಿಗೆ ಟೆಲ್ನೆಟ್ ಗೊತ್ತಿದ್ದರೆ ಒಂದನ್ನು ಕಿತ್ತುಹಾಕುತ್ತದೆ, ಗೊತ್ತಿಲ್ಲದಿದ್ದರೆ ಒಂದು ಬೈಟು ಹೆಚ್ಚಾಗಿ ಇಡೀ ಸಂದೇಶ ಕೆಡುತ್ತದೆ. ತೂಕದಂಥ ಬರೀ ಅಕ್ಷರ–ಅಂಕಿಗಳ ಸಾಲಿನಲ್ಲಿ 255 ಬರುವುದೇ ಇಲ್ಲ, ಆದ್ದರಿಂದ ಪರೀಕ್ಷೆ ಮಾಡಿದಾಗ ಎಲ್ಲ ಸರಿ. ಪಿಎಲ್‌ಸಿಗಳು ಮಾತಾಡುವ ಮಾಡ್‌ಬಸ್‌ನ ಸಿಆರ್‌ಸಿಯಲ್ಲಿ, ಅಂದರೆ ತಪ್ಪು ಹಿಡಿಯಲು ಕೊನೆಗೆ ಸೇರಿಸುವ ಬೈಟುಗಳಲ್ಲಿ, ಅದು ಬಂದ ದಿನ ಗ್ರಹಚಾರ.

ಇದರ ಅಣ್ಣನಂಥದ್ದು ಇನ್ನೊಂದಿದೆ. ಎಕ್ಸ್ಆನ್/ಎಕ್ಸ್ಆಫ್ ಫ್ಲೋ ಕಂಟ್ರೋಲ್ ಆನ್ ಇದ್ದರೆ 17 ಮತ್ತು 19 ಎಂಬ ಬೈಟುಗಳನ್ನು ಡ್ರೈವರ್ ನುಂಗಿಬಿಡುತ್ತದೆ. ಬೈನರಿ ಡೇಟಾಗೆ ಅದನ್ನು ಆಫ್ ಇಡಿ.

ಐಸ್ ಪ್ಲಾಂಟಿನ ಮಾಡ್‌ಬಸ್ ಆರ್‌ಟಿಯು ಹೀಗೆ ಸಾಗಿಸಬಹುದೇ?

ಸಾಗಿಸಬಹುದು, ಆದರೆ ಸಾಗಿಸದೆ ಇರುವುದು ವಾಸಿ. ಆರ್‌ಟಿಯುನಲ್ಲಿ, ಅಂದರೆ ಸೀರಿಯಲ್ ತಂತಿಯ ಮಾಡ್‌ಬಸ್‌ನಲ್ಲಿ, ಒಂದು ಸಂದೇಶ ಮುಗಿಯಿತು ಎಂದು ತಿಳಿಯುವುದು ಮೌನದಿಂದ: ಮೂರೂವರೆ ಅಕ್ಷರದಷ್ಟು ಹೊತ್ತು ತಂತಿ ಸುಮ್ಮನಿರಬೇಕು. 9600ರಲ್ಲಿ ಅದು ಸುಮಾರು 4 ಮಿಲಿಸೆಕೆಂಡ್. ಟಿಸಿಪಿ ಆ ಮೌನವನ್ನು ಕಾಯುವುದಿಲ್ಲ, ಒಂದು ಸಂದೇಶವನ್ನು ಎರಡು ತುಂಡು ಮಾಡಿಯೂ ತಲುಪಿಸಬಹುದು. ಅದರ ಮೇಲೆ ಎಫ್‌ಟಿಡಿಐ ಚಿಪ್ಪಿನ ಡಾಂಗಲ್ ತನ್ನದೇ 16 ಮಿಲಿಸೆಕೆಂಡ್ ತಡ ಸೇರಿಸುತ್ತದೆ. ವಿಂಡೋಸ್‌ನಲ್ಲಿ ಡಿವೈಸ್ ಮ್ಯಾನೇಜರಿನ ಅಡ್ವಾನ್ಸ್ಡ್ ಪುಟದಲ್ಲಿ ಇದನ್ನು 1ಕ್ಕೆ ಇಳಿಸಬಹುದು.

ಒಳ್ಳೆಯ ದಾರಿ: ಯಂತ್ರದ ಪಕ್ಕದಲ್ಲಿ ಎಂಬಸ್‌ಡಿ ಎಂಬ ಪುಟ್ಟ ಗೇಟ್‌ವೇ ಓಡಿಸಿ. ಅದು ತಂತಿಯ ಕಡೆ ಆರ್‌ಟಿಯು ಮಾತಾಡುತ್ತದೆ, ನೆಟ್‌ವರ್ಕ್ ಕಡೆ 502ನೇ ಪೋರ್ಟಿನಲ್ಲಿ ಮಾಡ್‌ಬಸ್ ಟಿಸಿಪಿ. ಹಲವು ಕಂಪ್ಯೂಟರ್ ಕೇಳಿದರೂ ಸರದಿಯಲ್ಲಿ ನಿಲ್ಲಿಸಿ ಉತ್ತರ ಕೊಡುತ್ತದೆ. ಆರ್‌ಟಿಯುವನ್ನು ಹಾಗೆಯೇ ಟಿಸಿಪಿಯಲ್ಲಿ ತುಂಬಿದ್ದೂ ಮಾಡ್‌ಬಸ್ ಟಿಸಿಪಿಯೂ ಒಂದೇ ಎಂದುಕೊಳ್ಳಬೇಡಿ. ಎರಡನೆಯದರಲ್ಲಿ ಸಿಆರ್‌ಸಿ ಇಲ್ಲ, ಬೇರೆ ತಲೆಬರಹ ಇದೆ.

ಸುರತ್ಕಲ್, ಮಣಿಪಾಲದ ವಿದ್ಯಾರ್ಥಿಗಳು ಕೇಳುವುದು: ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ 2ರಲ್ಲಿ ಬೋರ್ಡ್ ಕಾಣುತ್ತಿಲ್ಲವಲ್ಲ?

ಡಬ್ಲ್ಯುಎಸ್‌ಎಲ್ 1ರಲ್ಲಿ ಕಾಮ್ ಪೋರ್ಟ್ ತಾನಾಗಿ ಕಾಣುತ್ತಿತ್ತು, 2ರಲ್ಲಿ ಇಲ್ಲ. ವಿಂಡೋಸ್‌ನಲ್ಲಿ ಯುಎಸ್‌ಬಿಐಪಿಡಿ-ವಿನ್ ಹಾಕಿ, ಬೋರ್ಡನ್ನು ಬೈಂಡ್ ಮಾಡಿ ಅಟ್ಯಾಚ್ ಮಾಡಿ. ಬೋರ್ಡ್ ಇಎಸ್‌ಪಿ32 ಆದರೆ ಇನ್ನೊಂದು ದಾರಿ: ಅದಕ್ಕೆ ಪ್ರೋಗ್ರಾಮ್ ತುಂಬುವ ಇಎಸ್‌ಪಿಟೂಲ್ ಆರ್‌ಎಫ್‌ಸಿ 2217 ವಿಳಾಸವನ್ನೇ ಪೋರ್ಟ್ ಎಂದು ಒಪ್ಪುತ್ತದೆ. ರಾ ಟಿಸಿಪಿಯಲ್ಲಿ ಮಾತ್ರ ಅಪ್‌ಲೋಡ್ ಮಾಡಲು ಹೋಗಬೇಡಿ. ಬೋರ್ಡ್ ರೀಸೆಟ್ ಆಗುವುದು ಡಿಟಿಆರ್, ಆರ್‌ಟಿಎಸ್ ಅಲುಗಾಟದಿಂದ, ರಾದಲ್ಲಿ ಅದು ಸಾಗುವುದಿಲ್ಲ.

ಡಾಂಗಲ್ ಕಿತ್ತು ಚುಚ್ಚಿದರೆ ಪೋರ್ಟಿನ ಹೆಸರೇ ಬದಲಾಗುತ್ತದೆ.

ಲಿನಕ್ಸ್‌ನಲ್ಲಿ ಟಿಟಿವೈಯುಎಸ್‌ಬಿ0 ಎಂಬ ಹೆಸರನ್ನು ಸೆಟ್ಟಿಂಗಿನಲ್ಲಿ ಬರೆಯಲೇಬೇಡಿ. ಡೆವ್ ಒಳಗಿನ ಸೀರಿಯಲ್ ಫೋಲ್ಡರಿನಲ್ಲಿ ಬೈ-ಐಡಿ ಎಂಬ ಹೆಸರುಗಳಿವೆ, ಅದನ್ನು ಬರೆಯಿರಿ. ಎರಡು ಸಿಹೆಚ್340 ಡಾಂಗಲ್ ಇದ್ದರೆ ಇದೂ ಕೈಕೊಡುತ್ತದೆ, ಆ ಚಿಪ್ಪಿಗೆ ಸೀರಿಯಲ್ ಸಂಖ್ಯೆಯೇ ಇಲ್ಲ. ಆಗ ಯಾವ ತೂತಿಗೆ ಚುಚ್ಚಿದೆ ಎಂಬುದರ ಮೇಲೆ ಹೆಸರು ಕೊಡುವ ಬೈ-ಪಾತ್ ಬಳಸಿ, ತೂತಿನ ಪಕ್ಕ ಮಾರ್ಕರಿನಲ್ಲಿ ಬರೆದಿಡಿ.

ಧಣಿಗಳು ಬೆಂಗಳೂರಿನಿಂದ, ದುಬೈನಿಂದ ನೋಡಬೇಕಂತೆ. ರೂಟರಿನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಲೇ?

ಮಾಡಬೇಡಿ. ರಾ ಟಿಸಿಪಿಗೂ ಆರ್‌ಎಫ್‌ಸಿ 2217ಕ್ಕೂ ಪಾಸ್‌ವರ್ಡ್ ಎಂಬುದೇ ಇಲ್ಲ. ಪೋರ್ಟ್ ಸಿಕ್ಕವನಿಗೆ ಯಂತ್ರ ಸಿಕ್ಕಂತೆ. 2015ರ ಡಿಸೆಂಬರ್ 23ರಂದು ಉಕ್ರೇನಿನ ವಿದ್ಯುತ್ ಜಾಲದ ಮೇಲೆ ನಡೆದ ದಾಳಿಯಲ್ಲಿ ಸುಮಾರು 2,25,000 ಗ್ರಾಹಕರಿಗೆ ಕರೆಂಟ್ ಹೋಯಿತು. ದಾಳಿಕೋರರು ಸಬ್‌ಸ್ಟೇಷನ್‌ಗಳ ಸೀರಿಯಲ್–ಇಥರ್ನೆಟ್ ಕನ್ವರ್ಟರ್‌ಗಳ ಫರ್ಮ್‌ವೇರನ್ನೇ ಕೆಡಿಸಿದ್ದರಿಂದ ದೂರದಿಂದ ಬ್ರೇಕರ್ ಹಾಕಲು ಆಗದೆ ಸಿಬ್ಬಂದಿ ಸ್ಥಳಕ್ಕೇ ಹೋಗಬೇಕಾಯಿತು.

ಸರ್‌2ನೆಟ್ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ಅದೇ ಪೆಟ್ಟಿಗೆಯ ಒಳಗೆ, ಮಾತ್ರ ಕಾಯಲಿ, ಹೊರಗಿನವರು ಎಸ್‌ಎಸ್‌ಹೆಚ್ ಸುರಂಗದಿಂದ ಬರಲಿ. ಅಥವಾ ವೈರ್‌ಗಾರ್ಡ್ ವಿಪಿಎನ್ ಹಾಕಿ, ಲಿನಕ್ಸ್ ಕರ್ನಲ್ 5.6ರಿಂದ ಅದು ಒಳಗೇ ಇದೆ. ಧಣಿಗಳಿಗೆ ಬೇಕಾಗಿರುವುದು ದಿನದ ಒಟ್ಟು ತೂಕವಾದರೆ ಸಂಜೆ ಒಂದು ವರದಿ ಕಳಿಸಿದರೂ ಆಯಿತು.

ಸಿಡಿಲು, ಉಪ್ಪುಗಾಳಿ?

ಏಪ್ರಿಲ್–ಮೇ ತಿಂಗಳ ಸಂಜೆ ಗುಡುಗಿನಲ್ಲಿ ಮೊದಲು ಸಾಯುವುದು ಸೀರಿಯಲ್ ಪೋರ್ಟೇ. ಎರಡು ಕಟ್ಟಡಗಳ ಅರ್ತಿಂಗ್ ಬೇರೆ ಬೇರೆ ಇದ್ದು, ನಡುವೆ ತಾಮ್ರದ ತಂತಿ ಇದ್ದರೆ ವ್ಯತ್ಯಾಸವೆಲ್ಲ ಆ ಸಣ್ಣ ಚಿಪ್ಪಿನ ಮೂಲಕ ಹರಿಯುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆಯಿರಿ. ಆಗದಿದ್ದರೆ ಸೀರಿಯಲ್ ಕಡೆ ಐಸೊಲೇಟರ್ ಇರುವ ಕನ್ವರ್ಟರ್ ತೆಗೆದುಕೊಳ್ಳಿ. ವೈಫೈ ಕೂಡ ತೂಕದಂಥ ಕೆಲಸಕ್ಕೆ ಆಗುತ್ತದೆ, ಫರ್ಮ್‌ವೇರ್ ಹಾಕುವಾಗ ಮಾತ್ರ ಅದನ್ನು ನಂಬಬೇಡಿ.

ಮಲ್ಪೆಯಂಥ ಕಡೆ ಶತ್ರು ಬೇರೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆಗೆ ನಿಷೇಧ, ಪ್ಲಾಂಟಿನಲ್ಲೂ ಕೆಲಸ ಕಡಿಮೆ, ಪ್ಯಾನೆಲ್ ತಣ್ಣಗೆ ಒದ್ದೆ ಗಾಳಿಯಲ್ಲಿ ನಿಂತಿರುತ್ತದೆ. ಆಗಸ್ಟಿನಲ್ಲಿ ಒಂಬತ್ತು ಪಿನ್ನಿನ ಕನೆಕ್ಟರ್ ಎಳೆದು ನೋಡಿದರೆ ಪಿನ್ನುಗಳ ಬುಡದಲ್ಲಿ ಹಸಿರು ಹಿಟ್ಟು, ಐದನೆಯ ಪಿನ್, ಅಂದರೆ ಗ್ರೌಂಡ್, ಮುಟ್ಟಿದರೆ ಅಲುಗಾಡುತ್ತದೆ. ಗ್ರೌಂಡ್ ಸಡಿಲವಾದರೆ ಡೇಟಾ ಪೂರ್ತಿ ನಿಲ್ಲುವುದಿಲ್ಲ, ಬಂದು ಹೋಗಿ ಮಾಡುತ್ತದೆ, ಜನ ಸಾಫ್ಟ್‌ವೇರನ್ನು ಬೈಯುತ್ತಾರೆ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಎರಡೂ ಸ್ಕ್ರೂ ಬಿಗಿದು, ಆಮೇಲೆ ಲ್ಯಾಪ್‌ಟಾಪ್ ತೆರೆಯಿರಿ.

ವೇಬ್ರಿಡ್ಜ್ ಇಂಡಿಕೇಟರಿನ ಒಳಗಿಂದಲೇ ತಂತಿ ತೆಗೆಯಬಹುದೇ?

ಕೂಡದು. ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಇರುವ ಪೆಟ್ಟಿಗೆ ಅದು. ಹೊರಗಿನ ಸೀರಿಯಲ್ ಔಟ್‌ಪುಟ್ ಮಾತ್ರ ನಿಮ್ಮದು.

ರಾಸ್‌ಬೆರಿ ಪೈ ಒಳ್ಳೆಯದೋ, ಸಿದ್ಧ ಕನ್ವರ್ಟರೋ?

ಒಂದು ಪೋರ್ಟ್, ಒಬ್ಬ ಓದುಗ, ನೋಡಿಕೊಳ್ಳಲು ಜನ ಇಲ್ಲ ಎಂದಾದರೆ ಸಿದ್ಧ ಕನ್ವರ್ಟರ್. ಅದರಲ್ಲಿ ಎಸ್‌ಡಿ ಕಾರ್ಡ್ ಇಲ್ಲ, ಕರೆಂಟ್ ಹೋಗಿ ಬಂದರೂ ಕೆಡುವಂಥದ್ದು ಕಡಿಮೆ. ತಂದ ದಿನವೇ ಪಾಸ್‌ವರ್ಡ್ ಬದಲಿಸಿ. ಹಲವು ಪೋರ್ಟ್, ಮಾಡ್‌ಬಸ್ ಗೇಟ್‌ವೇ, ಸುರಂಗ ಎಲ್ಲ ಬೇಕಾದರೆ ಪೈ, ಅದನ್ನು ರೀಡ್-ಓನ್ಲಿ ಮೋಡ್‌ನಲ್ಲಿ ಓಡಿಸಿ. ಪೈ ಮೇಲಿನ ಪಿನ್ನುಗಳಿಗೆ ಆರ್‌ಎಸ್-232 ತಂತಿಯನ್ನು ನೇರ ಸಿಕ್ಕಿಸುವವರಿದ್ದಾರೆ. ಪೈಯದು 3.3 ವೋಲ್ಟ್, ತಂತಿಯಲ್ಲಿ ಬರುವುದು ಪ್ಲಸ್–ಮೈನಸ್ 15ರ ತನಕ. ನಡುವೆ ಮ್ಯಾಕ್ಸ್3232 ಚಿಪ್ ಇರುವ ಬೋರ್ಡ್ ಹಾಕಿ, ಅಥವಾ ಸುಮ್ಮನೆ ಯುಎಸ್‌ಬಿ ಡಾಂಗಲ್ ಬಳಸಿ.